ಒಂದೇ ಔಟ್‌ಡೋರ್, ನಾಲ್ಕು ಕೋಣೆ: ಬಳ್ಳಾರಿಯ ಇಕ್ಕಟ್ಟಾದ ಮನೆಗೆ ಮಲ್ಟಿ ಸ್ಪ್ಲಿಟ್ ಎ.ಸಿ. ಹೊಂದುತ್ತದೆಯೇ?

ಕೌಲ್ ಬಜಾರ್ ನಿವಾಸಿ, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ಕೌಲ್ ಬಜಾರಿನಲ್ಲಿ 20 ಅಡಿ ಅಗಲ, 40 ಅಡಿ ಉದ್ದದ ನಿವೇಶನದಲ್ಲಿದ್ದ ನಮ್ಮ ಹಳೆಯ ಮನೆಯನ್ನು ಕೆಡವಿ ಹೊಸದಾಗಿ ಕಟ್ಟಿಸಿದ್ದೇವೆ. ಹಳೆಯದು ದಪ್ಪ ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆಯ ಮನೆಯಾಗಿತ್ತು. ಬೇಸಿಗೆಯಲ್ಲಿ ಫ್ಯಾನ್ ಒಂದಿದ್ದರೆ ಸಾಕಾಗುತ್ತಿತ್ತು. ಹೊಸದು ಆರ್.ಸಿ.ಸಿ. ಕಳೆದ ಬೇಸಿಗೆಯಲ್ಲಿ ಮೊದಲ ಮಹಡಿಯ ಕೋಣೆಗಳಲ್ಲಿ ರಾತ್ರಿ ಒಂದು ಗಂಟೆಯವರೆಗೂ ಛಾವಣಿಯಿಂದ ಬಿಸಿ ಇಳಿಯುತ್ತಲೇ ಇತ್ತು, ಮಕ್ಕಳು ನೆಲದ ಮೇಲೆ ನೀರು ಚಿಮುಕಿಸಿಕೊಂಡು ಮಲಗುತ್ತಿದ್ದರು.

ಕೆಳಗೆ ಪಡಸಾಲೆ ಮತ್ತು 78 ವರ್ಷದ ನಮ್ಮ ತಾಯಿಯವರ ಕೋಣೆ ಇವೆ. ಮೇಲೆ 12 ಅಡಿಗೆ 12 ಅಡಿಯ ಎರಡು ಮಲಗುವ ಕೋಣೆಗಳಿವೆ, ಅವುಗಳಲ್ಲಿ ಒಂದು ಪಶ್ಚಿಮಕ್ಕೆ ಮುಖ ಮಾಡಿದೆ. ಎರಡೂ ಪಕ್ಕಗಳಲ್ಲಿ ನೆರೆಯವರ ಗೋಡೆ ನಮ್ಮ ಗೋಡೆಗೆ ತಾಗಿಕೊಂಡಿದೆ. ಮುಂದೆ ಕಿರಿದಾದ ಓಣಿ, ಹಿಂದೆ ಮೂರಡಿಯ ಸಂದು. ನಾಲ್ಕು ಔಟ್‌ಡೋರ್‌ಗಳನ್ನು, ಅಂದರೆ ಎ.ಸಿ.ಯ ಹೊರಗಿನ ಪೆಟ್ಟಿಗೆಗಳನ್ನು, ಎಲ್ಲಿ ತೂಗುಹಾಕುವುದೆಂಬುದೇ ನಮಗೆ ತಿಳಿಯದಾಗಿತ್ತು. ಅಂಗಡಿಯವರು ಇದಕ್ಕೆ ಪರಿಹಾರವಾಗಿ ಮಲ್ಟಿ ಸ್ಪ್ಲಿಟ್ ತೋರಿಸಿದರು. ಮಾಳಿಗೆಯ ಮೇಲೆ 4 ಟನ್‌ನ ಒಂದೇ ಔಟ್‌ಡೋರ್ ಇಟ್ಟು, ಅದರಿಂದ ನಾಲ್ಕು ಕೋಣೆಗಳಿಗೂ ಬೇರೆಬೇರೆ ಕಾಪರ್ ಪೈಪ್ ಎಳೆದು, ಪ್ರತಿ ಕೋಣೆಗೂ ಪ್ರತ್ಯೇಕ ರಿಮೋಟ್ ಕೊಡುವ ವ್ಯವಸ್ಥೆಯಿದು. ನೋಡಲು ಅಚ್ಚುಕಟ್ಟಾಗಿದೆ, ಆದರೆ ನಾಲ್ಕು ಬಿಡಿ ಯಂತ್ರಗಳ ಬೆಲೆಗಿಂತ ಇದರ ಬೆಲೆಯೇ ಹೆಚ್ಚು. ಇಂಟರ್ನೆಟ್ಟಿನಲ್ಲಿ ಇದನ್ನು ಹೀಟ್ ಪಂಪ್ ಎಂದು ಕರೆದು ಬಹಳವಾಗಿ ಹೊಗಳಿರುವುದನ್ನು ಓದಿದೆ. ನಮ್ಮ ಸೀಮೆಯ ಬಿಸಿಲಿಗೆ, ನಮ್ಮ ಕರೆಂಟಿಗೆ, ಇಲ್ಲಿ ಸಿಗುವ ರಿಪೇರಿಯವರಿಗೆ ಇದು ಹೊಂದುತ್ತದೆಯೇ ಎಂಬುದನ್ನು ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಎ.ಸಿ. ಮೆಕ್ಯಾನಿಕ್, ರಾಯಚೂರು

ಅಣ್ಣಾವರೇ, 22 ವರ್ಷಗಳಿಂದ ಈ ಕೆಲಸ ಮಾಡುತ್ತಿದ್ದೇನೆ. ಮಲ್ಟಿ ಸ್ಪ್ಲಿಟ್ ಕೆಟ್ಟ ಯಂತ್ರವಲ್ಲ, ಆದರೆ ಅದನ್ನು ಮಾರುವಾಗ ಹೇಳದೆ ಬಿಡುವ ಕೆಲವು ಮಾತುಗಳಿವೆ.

ಮೊದಲನೆಯದು ಟನ್‌ನ ಲೆಕ್ಕ. ಒಂದು ಟನ್ ಎಂದರೆ ಗಂಟೆಗೆ 12,000 ಬಿ.ಟಿ.ಯು., ಅಂದರೆ ಸುಮಾರು 3.5 ಕಿಲೋವ್ಯಾಟ್ ಶಾಖವನ್ನು ಒಳಗಿನಿಂದ ಹೊರಗೆ ಸಾಗಿಸುವ ಶಕ್ತಿ. ಈ ಅಂಕಿಯನ್ನು ಕಂಪನಿಗಳು ಹೊರಗೆ 35 ಡಿಗ್ರಿ, ಒಳಗೆ 27 ಡಿಗ್ರಿ ಇರುವಾಗ ಅಳೆದಿರುತ್ತವೆ. ರಾಯಚೂರು, ಬಳ್ಳಾರಿಗಳಲ್ಲಿ ಏಪ್ರಿಲ್ ಮತ್ತು ಮೇ ತಿಂಗಳ ಮಧ್ಯಾಹ್ನ 40 ಡಿಗ್ರಿ ದಾಟುವುದು ಪ್ರತಿ ವರ್ಷದ ಮಾತು, ಮಾಳಿಗೆಯ ಕಾಂಕ್ರೀಟಿನ ಮೇಲಿಟ್ಟ ಔಟ್‌ಡೋರ್ ಎಳೆದುಕೊಳ್ಳುವ ಗಾಳಿಯಂತೂ ಅದಕ್ಕಿಂತ ಇನ್ನಷ್ಟು ಬಿಸಿಯಾಗಿರುತ್ತದೆ. ಹೊರಗಿನ ತಾಪ ಏರಿದಷ್ಟೂ ಯಂತ್ರದ ಶಕ್ತಿ ಇಳಿಯುತ್ತದೆ, ಎಳೆಯುವ ಕರೆಂಟ್ ಹೆಚ್ಚುತ್ತದೆ. ಆದ್ದರಿಂದ ಅಂಗಡಿಯವರನ್ನು ಎಷ್ಟು ಟನ್ ಎಂದು ಕೇಳಿ ಸುಮ್ಮನಾಗಬೇಡಿ. 43 ಮತ್ತು 46 ಡಿಗ್ರಿಯಲ್ಲಿ ಇದು ಎಷ್ಟು ತಂಪು ಕೊಡುತ್ತದೆ, ಎಷ್ಟು ಡಿಗ್ರಿಯವರೆಗೆ ನಿಲ್ಲದೆ ಓಡುತ್ತದೆ ಎಂಬ ಕಂಪನಿಯ ಕೋಷ್ಟಕವನ್ನು ಕೇಳಿ ಪಡೆಯಿರಿ. 46 ಡಿಗ್ರಿಗೆ ಮಿತಿ ಇರುವ ಯಂತ್ರಗಳೂ ಇವೆ, 50 ಡಿಗ್ರಿ ದಾಟಿಯೂ ಓಡುವ ಯಂತ್ರಗಳೂ ಇವೆ. ನಮ್ಮಲ್ಲಿ ಈ ವ್ಯತ್ಯಾಸ ಬಹಳ ದೊಡ್ಡದು.

ಎರಡನೆಯದು ಕಡಿಮೆ ಹೊರೆಯ ಸಮಸ್ಯೆ. ಇದೂ ಇನ್‌ವರ್ಟರ್ ಯಂತ್ರವೇ. ಅಂದರೆ ಬೇಡಿಕೆ ಕಡಿಮೆಯಾದಾಗ ಗ್ಯಾಸನ್ನು ಒತ್ತಿ ತಳ್ಳುವ ಕಂಪ್ರೆಸರ್ ನಿಧಾನವಾಗಿ ತಿರುಗುತ್ತದೆ. ಆದರೆ ಅದು ಎಷ್ಟು ನಿಧಾನವಾಗಬಲ್ಲದು ಎಂಬುದಕ್ಕೆ ಒಂದು ಕೆಳಮಿತಿ ಇದೆ, ಯಂತ್ರ ದೊಡ್ಡದಾದಷ್ಟೂ ಆ ಕೆಳಮಿತಿಯೂ ದೊಡ್ಡದಾಗುತ್ತದೆ. ಬೆಳಗಿನ ಜಾವ ನಾಲ್ಕು ಗಂಟೆಗೆ ನಿಮ್ಮ ತಾಯಿಯವರ ಕೋಣೆಯೊಂದಕ್ಕೆ ಮಾತ್ರ ಒಂದು ಕಿಲೋವ್ಯಾಟ್‌ನಷ್ಟು ತಂಪು ಬೇಕಾಗಿದೆ ಎಂದುಕೊಳ್ಳಿ. 4 ಟನ್‌ನ ಕಂಪ್ರೆಸರ್ ಅಷ್ಟು ಕೆಳಗೆ ಇಳಿಯಲಾರದೆ ಓಡುವುದು, ನಿಲ್ಲುವುದು, ಮತ್ತೆ ಓಡುವುದು ಎಂದು ಮಾಡುತ್ತಿರುತ್ತದೆ. ಆಗ ಇನ್‌ವರ್ಟರ್‌ನ ಉಳಿತಾಯವೂ ಹೋಗುತ್ತದೆ, ಕೋಣೆಯ ತಾಪವೂ ಏರಿಳಿಯುತ್ತದೆ. ನಾಲ್ಕು ಕೋಣೆಗಳೂ ಒಟ್ಟಿಗೆ ಓಡುವ ಮನೆಗೆ ದೊಡ್ಡ ಮಲ್ಟಿ ಸರಿ; ಒಂದೊಂದೇ ಕೋಣೆ ಓಡುವ ಮನೆಗೆ ಅದು ಹೊಂದುವುದಿಲ್ಲ.

ಮೂರನೆಯದನ್ನು ಹೇಳದೆ ಇರಲಾರೆ. ಆ ಒಂದು ಔಟ್‌ಡೋರ್‌ನ ಎಲೆಕ್ಟ್ರಾನಿಕ್ ಬೋರ್ಡ್ ಹೋದರೆ ನಾಲ್ಕು ಕೋಣೆಗಳೂ ಒಂದೇ ಕ್ಷಣಕ್ಕೆ ನಿಲ್ಲುತ್ತವೆ. ಸಾಮಾನ್ಯ ಸ್ಪ್ಲಿಟ್‌ನ ಬಿಡಿಭಾಗಗಳು ರಾಯಚೂರಿನಲ್ಲಿಯೇ ಸಿಗುತ್ತವೆ. ಮಲ್ಟಿಯ ಬೋರ್ಡನ್ನು ನಾವು ಹೈದರಾಬಾದಿನಿಂದ ತರಿಸುತ್ತೇವೆ, ನಿಮ್ಮ ಕಡೆಯವರು ಬೆಂಗಳೂರಿನಿಂದ ತರಿಸುತ್ತಾರೆ. ಮೇ ತಿಂಗಳಿನಲ್ಲಿ ಅದಕ್ಕೆ ಒಂದು ವಾರ ಹಿಡಿದರೂ ಆಶ್ಚರ್ಯವಿಲ್ಲ.

ನಿವೃತ್ತ ಶಿಕ್ಷಕಿ, ಭಾಗ್ಯನಗರ, ಕೊಪ್ಪಳ

ಹೀಟ್ ಪಂಪ್ ಎಂಬ ಹೊಗಳಿಕೆಯ ಬಗ್ಗೆ ಒಂದು ಮಾತು. ನಮ್ಮ ಮಗಳು ಅಮೆರಿಕದ ಈಶಾನ್ಯ ಮೂಲೆಯ ಮೇಯ್ನ್ ರಾಜ್ಯದಲ್ಲಿದ್ದಾಳೆ, ಅವಳ ಮನೆಯಲ್ಲಿಯೂ ಒಂದು ಔಟ್‌ಡೋರ್‌ಗೆ ಮೂರು ಕೋಣೆಗಳ ಇಂತಹದೇ ಯಂತ್ರವಿದೆ. ಅಲ್ಲಿ ಅದು ಇರುವುದು ಮುಖ್ಯವಾಗಿ ಚಳಿಗಾಲಕ್ಕೆ. ಹೊರಗೆ ಹಿಮ ಬಿದ್ದಿರುವಾಗಲೂ ಹೊರಗಿನ ಗಾಳಿಯಲ್ಲಿರುವ ಅಲ್ಪಸ್ವಲ್ಪ ಶಾಖವನ್ನು ಹೀರಿ ಒಳಗೆ ತರುತ್ತದೆ. ಅವರು ಮೊದಲು ಮನೆ ಕಾಯಿಸಲು ಎಣ್ಣೆ ಉರಿಸುತ್ತಿದ್ದರು. ಅದನ್ನು ಕಡಿಮೆ ಮಾಡುವುದಕ್ಕಾಗಿ ಆ ರಾಜ್ಯ 2025ರೊಳಗೆ ಒಂದು ಲಕ್ಷ ಹೀಟ್ ಪಂಪ್‌ಗಳನ್ನು ಹೊಸದಾಗಿ ಕೂರಿಸುವ ಗುರಿ ಇಟ್ಟುಕೊಂಡು 2023ರಲ್ಲಿಯೇ ಅದನ್ನು ಮುಟ್ಟಿತು. ನೀವು ಓದಿದ ಹೊಗಳಿಕೆಯಲ್ಲಿ ಬಹುಪಾಲು ಇಂತಹ ಊರುಗಳದ್ದೇ ಇರಬೇಕು, ಅವರ ಮಟ್ಟಿಗೆ ಅದು ಸತ್ಯವೂ ಹೌದು.

ನಮ್ಮ ಎ.ಸಿ. ಮತ್ತು ಅವರ ಹೀಟ್ ಪಂಪ್ ಒಂದೇ ಜಾತಿಯ ಯಂತ್ರಗಳು. ಗ್ಯಾಸು ಹರಿಯುವ ದಿಕ್ಕನ್ನು ತಿರುಗಿಸುವ ಒಂದು ವಾಲ್ವ್ ಹೆಚ್ಚಿಗೆ ಇದ್ದರೆ ಅದೇ ಎ.ಸಿ. ಕೋಣೆಯನ್ನು ಬಿಸಿಯೂ ಮಾಡುತ್ತದೆ. ಕೊಪ್ಪಳ, ಬಳ್ಳಾರಿಗಳ ಡಿಸೆಂಬರ್ ಚಳಿಗೆ ಒಂದು ಕೌದಿ ಹೊದ್ದರೆ ಸಾಕು. ಬಿಸಿ ಮಾಡುವ ಸೌಲಭ್ಯಕ್ಕೆಂದು ಹೆಚ್ಚಿನ ಹಣ ಕೊಡುವ ಅಗತ್ಯ ನಮಗಿಲ್ಲ ಎಂಬುದು ನನ್ನ ಅಭಿಪ್ರಾಯ.

ಇನ್ನೊಂದು ವಿಷಯ. ಪಡಸಾಲೆಗೆ ಎ.ಸಿ. ಬೇಕೇ ಎಂದು ಯೋಚಿಸಿ. ನಮ್ಮಲ್ಲಿ ಮಾರ್ಚ್‌ನಿಂದ ಮೇ ಕೊನೆಯವರೆಗೆ ಗಾಳಿ ಬಹಳ ಒಣಗಿರುತ್ತದೆ, ಹಾಗಾಗಿ ಕೂಲರ್ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಕಿಟಕಿಯ ಹೊರಗೆ ಕೂಲರ್ ಇಟ್ಟು, ಎದುರಿನ ಬಾಗಿಲನ್ನು ಸ್ವಲ್ಪ ತೆರೆದು, ಗಾಳಿ ಹಾದುಹೋಗುವಂತೆ ಮಾಡಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ಪಡಸಾಲೆ ತಂಪಾಗಿರುತ್ತದೆ. ಬೋರ್‌ವೆಲ್ ನೀರಿನ ಉಪ್ಪು ಹುಲ್ಲಿನ ಪ್ಯಾಡಿಗೆ ಕಟ್ಟಿಕೊಳ್ಳುತ್ತದೆ, ಅದನ್ನು ಆಗಾಗ ತೊಳೆಯಬೇಕು, ಪ್ರತಿ ವರ್ಷ ಪ್ಯಾಡ್ ಬದಲಿಸಬೇಕು. ಮಳೆ ಹಿಡಿದ ಮೇಲೆ ಮಾತ್ರ ಕೂಲರ್ ನಿಷ್ಪ್ರಯೋಜಕ, ಮೈಯೆಲ್ಲ ಜಿಗುಟಾಗುತ್ತದೆ.

ಸಿವಿಲ್ ಎಂಜಿನಿಯರ್, ಬಳ್ಳಾರಿ

ಇಲ್ಲಿಯವರೆಗಿನ ಮಾತುಗಳೆಲ್ಲವೂ ಯಂತ್ರದ ಬಗ್ಗೆ ಆದವು. ಯಂತ್ರ ಹೊರಹಾಕಬೇಕಾದ ಶಾಖ ಎಲ್ಲಿಂದ ಬರುತ್ತಿದೆ ಎಂಬುದನ್ನು ನೋಡದೆ ಟನ್ ನಿರ್ಧರಿಸುವುದು ಸರಿಯಲ್ಲವೆಂದು ನಾನು ಬಲವಾಗಿ ನಂಬಿದ್ದೇನೆ.

ನಿಮ್ಮ ಮೇಲಿನ ಕೋಣೆಯ ಛಾವಣಿ 144 ಚದರ ಅಡಿ, ಅಂದರೆ 13 ಚದರ ಮೀಟರ್‌ಗಿಂತ ಸ್ವಲ್ಪ ಹೆಚ್ಚು. ಯಾವ ಹೊದಿಕೆಯೂ ಇಲ್ಲದ ಐದು ಇಂಚಿನ ಕಾಂಕ್ರೀಟ್ ಛಾವಣಿ, ಒಳಗಿನ ಮತ್ತು ಹೊರಗಿನ ತಾಪದ ನಡುವಿನ ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ, ಒಂದು ಚದರ ಮೀಟರ್‌ನಲ್ಲಿ ಸುಮಾರು 3ರಿಂದ 3.5 ವ್ಯಾಟ್ ಶಾಖವನ್ನು ಒಳಗೆ ಬಿಡುತ್ತದೆ. ಮೇ ತಿಂಗಳ ಬಿಸಿಲಿನಲ್ಲಿ ಕಪ್ಪಾದ ಸಿಮೆಂಟ್ ಮಾಳಿಗೆಯ ಮೇಲ್ಮೈ 65 ಡಿಗ್ರಿಯ ಹತ್ತಿರ ಹೋಗುತ್ತದೆ. ಒಳಗೆ 26 ಡಿಗ್ರಿ ಬೇಕೆಂದರೆ ವ್ಯತ್ಯಾಸ ಸುಮಾರು 40 ಡಿಗ್ರಿ. ಗುಣಿಸಿ ನೋಡಿ, ಛಾವಣಿಯೊಂದರಿಂದಲೇ ಹೆಚ್ಚುಕಡಿಮೆ 1,700 ವ್ಯಾಟ್, ಅಂದರೆ ಅರ್ಧ ಟನ್ ಶಾಖ ಇಳಿಯುತ್ತದೆ. ಕಾಂಕ್ರೀಟ್ ಹಗಲೆಲ್ಲ ಶಾಖವನ್ನು ಹಿಡಿದಿಟ್ಟುಕೊಂಡು ಸಂಜೆಯ ಮೇಲೆ ನಿಧಾನವಾಗಿ ಬಿಡುವುದರಿಂದ, ಸರಿಯಾಗಿ ನೀವು ಮಲಗುವ ಹೊತ್ತಿಗೆ ಈ ಬಿಸಿ ಕೋಣೆಗೆ ಬಂದಿರುತ್ತದೆ. ಬಳ್ಳಾರಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ; ಕೋಟೆ ಗುಡ್ಡದ ಬಂಡೆಯನ್ನು ರಾತ್ರಿ ಒಂಬತ್ತು ಗಂಟೆಗೆ ಮುಟ್ಟಿ ನೋಡಿದವರಿಗೆ ಕಲ್ಲು ಹೇಗೆ ಬಿಸಿಯನ್ನು ಇಟ್ಟುಕೊಳ್ಳುತ್ತದೆಂಬುದು ಗೊತ್ತು.

ಮಾಳಿಗೆಗೆ ಒಳ್ಳೆಯ ಬಿಳಿಯ ಲೇಪನ ಮಾಡಿಸಿದರೆ ಅಥವಾ ಬಿಳಿಯ ಟೈಲ್ಸ್ ಹಾಕಿಸಿದರೆ ಮೇಲ್ಮೈ ತಾಪ ಗಣನೀಯವಾಗಿ ಇಳಿದು, ಈ ಅರ್ಧ ಟನ್ ಹೆಚ್ಚುಕಡಿಮೆ ಕಾಲು ಟನ್ ಆಗುತ್ತದೆ. ಲೇಪನದ ಮೇಲೆ ಧೂಳು ಕೂತರೆ ಅದರ ಗುಣ ಕುಗ್ಗುತ್ತದೆ, ಹಾಗಾಗಿ ಪ್ರತಿ ವರ್ಷ ಯುಗಾದಿಗೆ ಮುಂಚೆ ತೊಳೆಯುವುದು ಅಗತ್ಯ. ಸುಣ್ಣ ಬಳಿಸಿದರೂ ಪ್ರಯೋಜನವಿದೆ, ಆದರೆ ಮಳೆಗೆ ಅದು ಹೋಗುತ್ತದೆ. ನಿಮ್ಮ ಮಾಳಿಗೆಯಲ್ಲಿ ಸೋಲಾರ್ ಫಲಕಗಳನ್ನು ಎತ್ತರದ ಕಬ್ಬಿಣದ ಚೌಕಟ್ಟಿನ ಮೇಲೆ ಕೂರಿಸಿದರೆ ಎರಡು ಕೆಲಸ ಒಟ್ಟಿಗೆ ಆಗುತ್ತವೆ. ಕಾಂಕ್ರೀಟಿಗೆ ನೆರಳೂ ಸಿಗುತ್ತದೆ, ಕರೆಂಟೂ ಬರುತ್ತದೆ. 2024ರಲ್ಲಿ ಆರಂಭವಾದ ಪಿ.ಎಂ. ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ನ ವ್ಯವಸ್ಥೆಗೆ 78,000 ರೂಪಾಯಿ ಸಹಾಯಧನವಿದೆ.

ಪಶ್ಚಿಮದ ಕಿಟಕಿಗೆ ಒಳಗಿನ ಪರದೆಗಿಂತ ಹೊರಗಿನ ನೆರಳು ಹೆಚ್ಚು ಕೆಲಸ ಮಾಡುತ್ತದೆ. ಬಿಸಿಲು ಗಾಜನ್ನು ದಾಟಿದ ಮೇಲೆ ತಡೆದರೆ ಶಾಖ ಆಗಲೇ ಒಳಗೆ ಬಂದಾಗಿರುತ್ತದೆ. ಇಷ್ಟನ್ನು ಮಾಡಿದ ಮೇಲೆ ಮೇಲಿನ ಎರಡು ಕೋಣೆಗಳಿಗೆ ತಲಾ ಒಂದು ಟನ್ ಸಾಕಾಗಬೇಕು. ಮಾಡದಿದ್ದರೆ ತಲಾ ಒಂದೂವರೆ ಟನ್ ಹಾಕಿಸಿದರೂ ಸಂಜೆ ಏಳಕ್ಕೆ ಚಾಲೂ ಮಾಡಿ ಹತ್ತರವರೆಗೆ ಕಾಯಬೇಕಾದೀತು.

ವಿದ್ಯುತ್ ಗುತ್ತಿಗೆದಾರ, ಸಿಂಧನೂರು

ವೈರಿಂಗ್ ಮತ್ತು ಬಿಲ್ಲಿನ ಬಗ್ಗೆ ಯಾರೂ ಮಾತನಾಡಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. 4 ಟನ್‌ನ ಔಟ್‌ಡೋರ್ ಪೂರ್ತಿ ಹೊರೆಯಲ್ಲಿ ಸುಮಾರು 4 ಕಿಲೋವ್ಯಾಟ್ ಎಳೆಯುತ್ತದೆ. 230 ವೋಲ್ಟ್ ಇದ್ದಾಗ ಅದು 17 ಆಂಪಿಯರ್. ಬೇಸಿಗೆಯ ಸಂಜೆ ವೋಲ್ಟೇಜ್ 180ಕ್ಕೆ ಇಳಿದರೆ ಇನ್‌ವರ್ಟರ್ ಯಂತ್ರ ಅದೇ ಕೆಲಸಕ್ಕೆ 22 ಆಂಪಿಯರ್ ಎಳೆಯುತ್ತದೆ. ವೋಲ್ಟೇಜ್ ಕಡಿಮೆಯಾದರೆ ಕರೆಂಟ್ ಕಡಿಮೆ ಎಳೆಯುತ್ತದೆ ಎಂದು ಬಹಳ ಜನ ತಪ್ಪಾಗಿ ತಿಳಿದಿದ್ದಾರೆ. ಇಷ್ಟು ದೊಡ್ಡ ಹೊರೆ ಒಂದೇ ಫೇಸಿನ ಮೇಲೆ ಬೀಳುವುದರಿಂದ ಮೀಟರಿನಿಂದ ನೇರವಾಗಿ 6 ಚದರ ಮಿಲಿಮೀಟರ್‌ನ ತಾಮ್ರದ ವೈರು, ಅದಕ್ಕೆ ತಕ್ಕ ಪ್ರತ್ಯೇಕ ಎಂ.ಸಿ.ಬಿ. (ಹೊರೆ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್) ಬೇಕು. ಮನೆಯ ಮಂಜೂರಾದ ಲೋಡನ್ನೂ ಜೆಸ್ಕಾಂ ಕಚೇರಿಯಲ್ಲಿ ಅರ್ಜಿ ಕೊಟ್ಟು ಹೆಚ್ಚಿಸಿಕೊಳ್ಳಬೇಕು. ಆಗ ತಿಂಗಳ ನಿಗದಿತ ಶುಲ್ಕವೂ ಹೆಚ್ಚಾಗುತ್ತದೆ. ಬಿಡಿ ಯಂತ್ರಗಳಾದರೆ ಪ್ರತಿಯೊಂದಕ್ಕೂ 4 ಚದರ ಮಿಲಿಮೀಟರ್ ಸಾಕು, ಮೂರು ಫೇಸ್ ಇರುವ ಮನೆಯಲ್ಲಿ ಹೊರೆಯನ್ನು ಹಂಚಲೂ ಬರುತ್ತದೆ.

ಅರ್ಥಿಂಗ್ ಅನ್ನು ಹೊಸದಾಗಿ ಪರೀಕ್ಷಿಸಿ. ಬಳ್ಳಾರಿಯ ಕಲ್ಲು ನೆಲದಲ್ಲಿ ಬೇಸಿಗೆಗೆ ತೇವ ಪೂರ್ತಿ ಆರಿ ಅರ್ಥಿಂಗ್ ದುರ್ಬಲವಾಗುತ್ತದೆ. ಅರ್ಥಿಂಗ್ ಗುಂಡಿಗೆ ವಾರಕ್ಕೊಮ್ಮೆ ಒಂದು ಕೊಡ ನೀರು ಹಾಕುವುದನ್ನು ಮರೆಯಬಾರದು.

ಬಿಲ್ಲಿನ ಲೆಕ್ಕವನ್ನೂ ಹೇಳುತ್ತೇನೆ. ಒಂದು ಟನ್‌ನ ಒಳ್ಳೆಯ ಇನ್‌ವರ್ಟರ್ ರಾತ್ರಿ ಎಂಟು ಗಂಟೆ ಓಡಿದರೆ ನಾಲ್ಕರಿಂದ ಐದು ಯೂನಿಟ್ ಆಗುತ್ತದೆ. ಒಂದು ಕೋಣೆಗೆ ತಿಂಗಳಿಗೆ 120ರಿಂದ 150 ಯೂನಿಟ್. ಎರಡನೆಯ ಕೋಣೆ ಸೇರಿದರೆ ಗೃಹಜ್ಯೋತಿಯ 200 ಯೂನಿಟ್ ಮಿತಿ ದಾಟುವುದು ಖಂಡಿತ, ಮಿತಿ ದಾಟಿದ ತಿಂಗಳು ಹೆಚ್ಚುವರಿ ಯೂನಿಟ್ಟಿಗೆ ಮಾತ್ರವಲ್ಲ, ಪೂರ್ತಿ ಬಿಲ್ಲನ್ನೇ ಕಟ್ಟಬೇಕು. ಮೇ ತಿಂಗಳ ಬಿಲ್ಲು ನೋಡಿ ಗಾಬರಿಯಾಗುವುದಕ್ಕಿಂತ ಮೊದಲೇ ತಿಳಿದಿರುವುದು ಒಳ್ಳೆಯದು.

ಮಲ್ಟಿ ಸ್ಪ್ಲಿಟ್ ಬಳಕೆದಾರ, ಗಾಂಧಿನಗರ, ಬಳ್ಳಾರಿ

ನಮ್ಮ ಮನೆಯಲ್ಲಿ ಒಂದು ಔಟ್‌ಡೋರ್‌ಗೆ ಮೂರು ಕೋಣೆಗಳ ಮಲ್ಟಿ ಸ್ಪ್ಲಿಟ್ ಬಂದು ನಾಲ್ಕು ಬೇಸಿಗೆಗಳಾದವು. ಇಷ್ಟಪಟ್ಟೇ ಹಾಕಿಸಿಕೊಂಡೆವು, ಮೂರು ಬೇಸಿಗೆ ಯಾವ ತೊಂದರೆಯೂ ಇರಲಿಲ್ಲ. ಕೋಣೆಯೊಳಗೆ ಸದ್ದೇ ಇರುವುದಿಲ್ಲ. ಮನೆಯ ಮುಂಭಾಗ ಅಂದವಾಗಿ ಉಳಿದಿದೆ. ಮೂರು ಕೋಣೆಗಳೂ ರಾತ್ರಿ ಒಟ್ಟಿಗೆ ಓಡುವುದರಿಂದ ಮೆಕ್ಯಾನಿಕ್ ಅಣ್ಣಾವರು ಹೇಳಿದ ಕಡಿಮೆ ಹೊರೆಯ ತೊಂದರೆ ನಮಗೆ ಕಾಣಿಸಲಿಲ್ಲ.

ನಾಲ್ಕನೆಯ ಬೇಸಿಗೆಯ ಮೇ ತಿಂಗಳಿನಲ್ಲಿ ಔಟ್‌ಡೋರ್‌ನ ಬೋರ್ಡ್ ಸುಟ್ಟಿತು. ಹನ್ನೊಂದು ದಿನ ಮನೆಯಲ್ಲಿ ಒಂದು ಕೋಣೆಯೂ ತಂಪಾಗಲಿಲ್ಲ. ಆಗ ನಮ್ಮ ಸೊಸೆ ಬಾಣಂತಿ, ಕೂಸಿಗೆ ಇನ್ನೂ 20 ದಿನ. ಮೂರನೆಯ ದಿನ ಅವರನ್ನು ತವರಿಗೆ ಕಳುಹಿಸಬೇಕಾಯಿತು. ಆ ದಿನಗಳನ್ನು ನೆನೆದರೆ ಈಗಲೂ ಮನಸ್ಸಿಗೆ ಕಷ್ಟವಾಗುತ್ತದೆ. ಮೂರರಲ್ಲಿ ಒಂದು ಕೋಣೆಗಾದರೂ ಬೇರೆ ಯಂತ್ರ ಇದ್ದಿದ್ದರೆ ಎಲ್ಲರೂ ಅದರಲ್ಲಿಯೇ ಹೇಗೋ ಕಳೆಯುತ್ತಿದ್ದೆವು.

ಔಟ್‌ಡೋರನ್ನು ನಾವು ಮಾಳಿಗೆಯಲ್ಲಿ ನೀರಿನ ಟ್ಯಾಂಕ್ ಮತ್ತು ಪ್ಯಾರಪೆಟ್ ಗೋಡೆಯ ನಡುವಿನ ಇಕ್ಕಟ್ಟಿನಲ್ಲಿ ಇಡಿಸಿದ್ದೆವು. ಅದು ಹೊರಬಿಟ್ಟ ಬಿಸಿಗಾಳಿ ಗೋಡೆಗೆ ಬಡಿದು ತಿರುಗಿ ಅದೇ ಯಂತ್ರದೊಳಗೆ ಹೋಗುತ್ತಿತ್ತು ಎಂದು ರಿಪೇರಿಗೆ ಬಂದವರು ತೋರಿಸಿಕೊಟ್ಟರು. ಈಗ ಎರಡು ಅಡಿ ಎತ್ತರದ ಸ್ಟ್ಯಾಂಡಿನ ಮೇಲೆ, ಮುಂದೆ ಬಯಲಾಗಿ ಬಿಟ್ಟು, ಮೇಲೆ ನೆರಳಿಗೆ ಶೀಟ್ ಹಾಕಿ ಇಟ್ಟಿದ್ದೇವೆ. ಆ ಶೀಟ್ ಕೂಡ ಯಂತ್ರಕ್ಕೆ ತಾಗಿಕೊಂಡಿರಬಾರದು, ಮೇಲೆ ಗಾಳಿಯಾಡಲು ಸಾಕಷ್ಟು ಜಾಗವಿರಬೇಕು.

ಕೌಲ್ ಬಜಾರ್ ನಿವಾಸಿ, ಬಳ್ಳಾರಿ

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಗಾಂಧಿನಗರದವರ ಅನುಭವ ಓದಿದ ಮೇಲೆ ತಾಯಿಯವರ ವಿಷಯವನ್ನೇ ಮೊದಲು ಯೋಚಿಸುವಂತಾಯಿತು. ಅವರಿಗೆ ರಕ್ತದೊತ್ತಡವಿದೆ, ಬಿಸಿಲಿನ ದಿನಗಳಲ್ಲಿ ತಲೆ ತಿರುಗುತ್ತದೆ. ಮೇಲಿನ ಯಂತ್ರ ಕೆಟ್ಟ ಕಾರಣಕ್ಕೆ ಕೆಳಗಿನ ಅವರ ಕೋಣೆಯೂ ನಿಲ್ಲುವಂತಾಗಬಾರದು. ಹಿಂದಿನ ಸಂದಿನಲ್ಲಿ ಒಂದು ಔಟ್‌ಡೋರ್ ಮಾತ್ರ ಸಜ್ಜೆಯ ಮೇಲೆ ಕೂರಬಹುದು. ಹಾಗಾದರೆ ಅವರ ಕೋಣೆಗೆ ಬಿಡಿಯಾಗಿ ಒಂದು ಟನ್, ಮೇಲಿನ ಎರಡು ಕೋಣೆಗಳಿಗೆ ಮಾಳಿಗೆಯಲ್ಲಿ ಒಂದೇ ಔಟ್‌ಡೋರ್‌ನ ಜೋಡಿ, ಪಡಸಾಲೆಗೆ ಕೂಲರ್ ಎಂದು ಮಾಡಿದರೆ ಹೇಗೆ? ಕೂರಿಸುವಾಗ ನಾನು ನಿಂತು ನೋಡಬೇಕಾದುದು ಏನು?

ಎ.ಸಿ. ಮೆಕ್ಯಾನಿಕ್, ರಾಯಚೂರು

ಬಹಳ ಒಳ್ಳೆಯ ಹಂಚಿಕೆ. ಮೇಲಿನ ಎರಡು ಕೋಣೆಗಳು ಒಂದೇ ಹೊತ್ತಿಗೆ ಓಡುತ್ತವೆ, ಎರಡು ಟನ್‌ನ ಔಟ್‌ಡೋರ್ ಅವಕ್ಕೆ ಅಳತೆಗೆ ಸರಿಯಾಗುತ್ತದೆ. ಒಳಗಿನ ಯಂತ್ರಗಳ ಒಟ್ಟು ಟನ್ ಹೊರಗಿನದಕ್ಕಿಂತ ಹೆಚ್ಚಿರಬಹುದೆಂದು ಕಂಪನಿಗಳು ಅನುಮತಿಸುತ್ತವೆ, ಎಲ್ಲ ಕೋಣೆಗಳೂ ಏಕಕಾಲಕ್ಕೆ ಪೂರ್ತಿ ಓಡುವುದಿಲ್ಲ ಎಂಬ ಲೆಕ್ಕ ಅದು. ನಮ್ಮ ಮೇ ತಿಂಗಳ ರಾತ್ರಿಗಳಲ್ಲಿ ಎಲ್ಲವೂ ಪೂರ್ತಿಯೇ ಓಡುತ್ತವೆ, ಆದ್ದರಿಂದ ಆ ಸಲಿಗೆಯನ್ನು ಬಳಸಿಕೊಳ್ಳಬೇಡಿ.

ಕೂರಿಸುವ ದಿನ ನೀವು ಎದುರಿಗೆ ಇರಲೇಬೇಕು. ಎ.ಸಿ.ಯ ಆಯುಷ್ಯ ಆ ಒಂದು ದಿನದ ಕೆಲಸದ ಮೇಲೆ ನಿಂತಿದೆ ಎಂದು ನನ್ನ ಇಷ್ಟು ವರ್ಷಗಳ ಅನುಭವದಿಂದ ಹೇಳುತ್ತೇನೆ. ಪೈಪ್ ಜೋಡಿಸಿದ ಮೇಲೆ ನೈಟ್ರೋಜನ್ ತುಂಬಿ ಒತ್ತಡ ಇಳಿಯುತ್ತದೆಯೇ ಎಂದು ಕೆಲವು ಗಂಟೆ ಬಿಟ್ಟು ನೋಡಬೇಕು. ಮಲ್ಟಿಯಲ್ಲಿ ಜಾಯಿಂಟುಗಳು ಹೆಚ್ಚು, ಸೋರುವ ಜಾಗಗಳೂ ಹೆಚ್ಚು. ಆಮೇಲೆ ವ್ಯಾಕ್ಯೂಮ್ ಪಂಪ್ ಹಚ್ಚಿ ಪೈಪಿನೊಳಗಿನ ಗಾಳಿ ಮತ್ತು ತೇವವನ್ನು ತೆಗೆಯಬೇಕು. ಪೈಪಿನೊಳಗಿನ ಒತ್ತಡ ವ್ಯಾಕ್ಯೂಮ್ ಮೀಟರಿನಲ್ಲಿ 500 ಮೈಕ್ರಾನ್‌ಗಿಂತ ಕೆಳಗೆ ಇಳಿದು ಅಲ್ಲಿಯೇ ನಿಲ್ಲಬೇಕು. ಬೇಸಿಗೆಯ ಅವಸರದಲ್ಲಿ ಕೆಲವರು ಯಂತ್ರದ ಗ್ಯಾಸನ್ನೇ ಸ್ವಲ್ಪ ಬಿಟ್ಟು ಗಾಳಿಯನ್ನು ತಳ್ಳಿ ಹಾಕಿ ಕೆಲಸ ಮುಗಿಸುತ್ತಾರೆ. ಅದಕ್ಕೆ ದಯವಿಟ್ಟು ಒಪ್ಪಬೇಡಿ. ಪೈಪಿನ ತೇವ ಒಳಗೆ ಉಳಿದರೆ ಎಣ್ಣೆ ಕೆಟ್ಟು, ಎರಡು ಮೂರು ವರ್ಷಗಳಲ್ಲಿ ಕಂಪ್ರೆಸರ್‌ಗೆ ಸಮಸ್ಯೆ ತರುತ್ತದೆ.

ಗ್ಯಾಸಿನ ಬಗ್ಗೆಯೂ ತಿಳಿದಿರಲಿ. ಈಗಿನ ಬಹುತೇಕ ಯಂತ್ರಗಳಲ್ಲಿ ಆರ್-32 ಇರುತ್ತದೆ. ಹಳೆಯ ಆರ್-410ಎ ಗಿಂತ ಭೂಮಿಯನ್ನು ಬಿಸಿ ಮಾಡುವ ಗುಣ ಇದಕ್ಕೆ ಮೂರನೆಯ ಒಂದು ಭಾಗದಷ್ಟಿದೆ, ಆದರೆ ಇದು ಸ್ವಲ್ಪಮಟ್ಟಿಗೆ ಹೊತ್ತಿಕೊಳ್ಳುವ ಗ್ಯಾಸು. ಮಲ್ಟಿಯಲ್ಲಿ ಎಲ್ಲ ಕೋಣೆಗಳ ಗ್ಯಾಸು ಒಂದೇ ವ್ಯವಸ್ಥೆಯಲ್ಲಿ ಇರುವುದರಿಂದ ಒಂದು ಕೋಣೆಯ ಜಾಯಿಂಟ್ ಸೋರಿದರೆ ಎಲ್ಲವೂ ಅದೇ ಕೋಣೆಯೊಳಗೆ ಬರಬಹುದು. ಅದಕ್ಕಾಗಿಯೇ ಕೋಣೆ ಇಷ್ಟು ದೊಡ್ಡದಿರಬೇಕು ಎಂಬ ಅಳತೆಯನ್ನು ಕಂಪನಿಯ ಪುಸ್ತಕದಲ್ಲಿ ಕೊಟ್ಟಿರುತ್ತಾರೆ. ಅದನ್ನು ಓದಿಸಿ ನೋಡಿ.

ಒಳಗಿನಿಂದ ಬರುವ ನೀರಿನ ಪೈಪಿಗೆ ಉದ್ದಕ್ಕೂ ಇಳಿಜಾರು ಇರಲಿ, ಎಲ್ಲಿಯೂ ಹೊಟ್ಟೆ ಬಿಡಬಾರದು. ಮಾಳಿಗೆಯ ಮೇಲಿನ ಕಾಪರ್ ಪೈಪಿನ ಕಪ್ಪು ಹೊದಿಕೆ ನಮ್ಮ ಬಿಸಿಲಿಗೆ ಎರಡೇ ವರ್ಷದಲ್ಲಿ ಪುಡಿಯಾಗುತ್ತದೆ, ಅದನ್ನು ಪಿ.ವಿ.ಸಿ. ಕೊಳವೆಯೊಳಗೆ ಮುಚ್ಚಿಸಿ. ಗಿಣಿಗೇರಿಯ ಕಡೆ ಕರಿ ಮಸಿ, ಸಂಡೂರಿನ ಕಡೆ ಕೆಂಧೂಳು, ನಮ್ಮ ರಾಯಚೂರಿನಲ್ಲಿ ಹತ್ತಿಯ ಎಳೆ, ಹೀಗೆ ಊರಿಗೊಂದು ಬಗೆಯ ಕಸ ಔಟ್‌ಡೋರ್‌ನ ರೆಕ್ಕೆಗಳಿಗೆ ಕಟ್ಟಿಕೊಳ್ಳುತ್ತದೆ. ಫೆಬ್ರವರಿಯಲ್ಲಿ ಒಮ್ಮೆ, ಬೇಸಿಗೆಯ ನಡುವೆ ಒಮ್ಮೆ ಸಾಮಾನ್ಯ ಪೈಪಿನ ನೀರಿನಿಂದ ಮೆಲ್ಲಗೆ ತೊಳೆಸಿ.

ನಿವೃತ್ತ ಶಿಕ್ಷಕಿ, ಭಾಗ್ಯನಗರ, ಕೊಪ್ಪಳ

ಅಣ್ಣಾವರೇ, ಒಂದು ಸಂದೇಹ. ಜೋಡಿ ಯಂತ್ರದಲ್ಲಿ ಒಂದು ಕೋಣೆಯವರು 20 ಡಿಗ್ರಿ, ಇನ್ನೊಂದು ಕೋಣೆಯವರು 27 ಡಿಗ್ರಿ ಇಟ್ಟುಕೊಳ್ಳಲು ಬರುತ್ತದೆಯೇ?

ಎ.ಸಿ. ಮೆಕ್ಯಾನಿಕ್, ರಾಯಚೂರು

ಬರುತ್ತದೆ ಮೇಡಂ. ಪ್ರತಿ ಕೋಣೆಗೂ ಹೋಗುವ ಗ್ಯಾಸನ್ನು ಹೆಚ್ಚು ಕಡಿಮೆ ಮಾಡುವ ಪ್ರತ್ಯೇಕ ವಾಲ್ವ್ ಇರುತ್ತದೆ. ಒಂದರಲ್ಲಿ ತಂಪು, ಇನ್ನೊಂದರಲ್ಲಿ ಬಿಸಿ ಮಾತ್ರ ಒಟ್ಟಿಗೆ ಆಗುವುದಿಲ್ಲ. ನಮಗೆ ಅದರ ಅಗತ್ಯವೂ ಬರುವುದಿಲ್ಲ. ಆದರೆ 20 ಡಿಗ್ರಿ ಇಡುವುದು ಬೇಡ. ಸ್ಟಾರ್ ಗುರುತಿನ ಹೊಸ ರೂಮ್ ಎ.ಸಿ.ಗಳು ಚಾಲೂ ಆದಾಗ 24 ಡಿಗ್ರಿಯಲ್ಲಿಯೇ ಇರಬೇಕೆಂದು 2020ರಿಂದ ನಿಯಮವಿದೆ. 26ರಲ್ಲಿ ಇಟ್ಟು ಫ್ಯಾನನ್ನು ಮೆಲ್ಲಗೆ ತಿರುಗಿಸಿದರೆ ಹೊರಗಿನ ಧಗೆಗೆ ಅದೇ ಸ್ವರ್ಗ.

ಕೌಲ್ ಬಜಾರ್ ನಿವಾಸಿ, ಬಳ್ಳಾರಿ

ಬೇಸಿಗೆ ಮುಗಿದ ಮೇಲೆ ಬರೆಯುತ್ತಿದ್ದೇನೆ. ಇಲ್ಲಿ ಸಲಹೆ ಕೊಟ್ಟವರಿಗೆ ನಡೆದುದನ್ನು ತಿಳಿಸುವುದು ನನ್ನ ಕರ್ತವ್ಯ.

ಫೆಬ್ರವರಿಯಲ್ಲಿ ಮಾಳಿಗೆಗೆ ಬಿಳಿಯ ಲೇಪನ ಮಾಡಿಸಿದೆವು. ಪಶ್ಚಿಮದ ಕಿಟಕಿಯ ಹೊರಗೆ ಬಿದಿರಿನ ಚಾಪೆ ಇಳಿಬಿಟ್ಟೆವು. ಇವೆರಡರಿಂದಲೇ ಮೇಲಿನ ಕೋಣೆಗಳಲ್ಲಿ ರಾತ್ರಿಯ ಧಗೆ ಕಡಿಮೆಯಾದುದು ಎ.ಸಿ. ಬರುವುದಕ್ಕಿಂತ ಮೊದಲೇ ನಮ್ಮ ಅನುಭವಕ್ಕೆ ಬಂದಿತು. ಛಾವಣಿಗೆ ಅಂಗೈ ತಾಗಿಸಿದರೆ ಹಿಂದಿನ ವರ್ಷದಂತೆ ಸುಡುತ್ತಿರಲಿಲ್ಲ. ತಾಯಿಯವರ ಕೋಣೆಗೆ ಬಿಡಿ ಯಂತ್ರ, ಮೇಲೆ ಎರಡು ಟನ್‌ನ ಔಟ್‌ಡೋರ್‌ಗೆ ತಲಾ ಒಂದು ಟನ್‌ನ ಎರಡು ಇಂಡೋರ್‌ಗಳನ್ನು ಮಾರ್ಚ್ ಮೊದಲ ವಾರದಲ್ಲಿ ಹಾಕಿಸಿದೆವು. ಆಗ ಕೆಲಸದವರಿಗೆ ಇನ್ನೂ ಅವಸರವಿರಲಿಲ್ಲ. ನೈಟ್ರೋಜನ್ ಪರೀಕ್ಷೆಯಲ್ಲಿ ಒಂದು ಜಾಯಿಂಟ್ ಸೋರುತ್ತಿರುವುದು ನಿಜವಾಗಿಯೂ ಸಿಕ್ಕಿತು, ಬಿಚ್ಚಿ ಹೊಸದಾಗಿ ಮಾಡಿಸಿದೆವು. ಪರೀಕ್ಷೆ ಬೇಡವೆಂದು ಬಿಟ್ಟಿದ್ದರೆ ಮೇ ತಿಂಗಳಿನಲ್ಲಿ ಗ್ಯಾಸು ಖಾಲಿಯಾಗಿ ಕುಳಿತಿರುತ್ತಿದ್ದೆವು.

ಮೇ ತಿಂಗಳಿನಲ್ಲಿ ಮನೆಯ ಒಟ್ಟು ಬಳಕೆ 486 ಯೂನಿಟ್ ಆಯಿತು, ಪೂರ್ತಿ ಬಿಲ್ ಕಟ್ಟಿದೆವು. ಸಿಂಧನೂರಿನ ಗುತ್ತಿಗೆದಾರರು ಮೊದಲೇ ಎಚ್ಚರಿಸಿದ್ದರಿಂದ ಅದಕ್ಕೆಂದು ಹಣ ತೆಗೆದಿಟ್ಟಿದ್ದೆವು. ಅವರು ಹೇಳಿದಂತೆ ಅರ್ಥಿಂಗ್ ಗುಂಡಿಗೆ ನೀರು ಹಾಕುವ ಕೆಲಸವನ್ನು ಹಿರಿಯ ಮಗನಿಗೆ ವಹಿಸಿದ್ದೇನೆ.

ಒಂದು ತೊಂದರೆ ಮಾತ್ರ ಬಂದಿತು. ತಾಯಿಯವರ ಕೋಣೆಯ ಎ.ಸಿ.ಯ ನೀರು ಹಿಂದಿನ ಸಂದಿನಲ್ಲಿ ನೆರೆಯವರ ಗೋಡೆಯ ಬುಡಕ್ಕೆ ಇಳಿಯುತ್ತಿತ್ತು, ಅವರು ಬಂದು ಹೇಳಿದರು, ಅವರ ಮಾತು ನ್ಯಾಯವಾಗಿತ್ತು. ಪೈಪನ್ನು ತಿರುಗಿಸಿ ಕೊಡಕ್ಕೆ ಬಿಟ್ಟೆವು. ಒಣಹವೆಯ ದಿನಗಳಲ್ಲಿ ಅರ್ಧ ಕೊಡ, ಮಳೆ ಶುರುವಾದ ಮೇಲೆ ಒಂದು ಕೊಡದ ಹತ್ತಿರ ನೀರು ಸೇರುತ್ತದೆ. ತಾಯಿಯವರು ಬೆಳಗ್ಗೆ ಎದ್ದು ಅದನ್ನು ತುಳಸಿಕಟ್ಟೆಯ ಪಕ್ಕದ ಮಲ್ಲಿಗೆ ಬಳ್ಳಿಗೆ ಹಾಕುತ್ತಾರೆ.